ಬೆಂಗಳೂರಿನ ಟಾಕೊ, ಜಗಳೂರಿನ ಮೆಕ್ಕೆಜೋಳ

ಬೆಂಗಳೂರಿನಲ್ಲಿ ಮೆಕ್ಸಿಕನ್ ಊಟ ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಕೇಳಿದರೆ ನಾಲ್ಕು ಹೆಸರು ಹೇಳುವುದು ಕಷ್ಟವಲ್ಲ. ಟಾಕೊ ಬೆಲ್ ಭಾರತದಲ್ಲಿ ತನ್ನ ಮೊದಲ ಅಂಗಡಿ ತೆರೆದದ್ದೇ ಇಲ್ಲಿ, 2010ರಲ್ಲಿ, ಮಲ್ಲೇಶ್ವರದ ಮಂತ್ರಿ ಸ್ಕ್ವೇರ್ ಮಾಲಿನಲ್ಲಿ. ಬರ್ಟ್ ಮುಲ್ಲರ್ ಎಂಬ ಅಮೆರಿಕದ ಯುವಕ 2012ರಲ್ಲಿ ಇದೇ ಊರಿನ ಟೆಕ್ ಪಾರ್ಕೊಂದರಲ್ಲಿ ಶುರು ಮಾಡಿದ ಕ್ಯಾಲಿಫೋರ್ನಿಯಾ ಬರ್ರಿಟೊ ಈಗ ಬೇರೆ ನಗರಗಳಿಗೂ ಹಬ್ಬಿದೆ. ಇನ್ನೂ ಸ್ವಲ್ಪ ಖರ್ಚು ಮಾಡಬಲ್ಲವರಿಗೆ ಯುಬಿ ಸಿಟಿಯ ಸಾಂಚೆಜ್, ಇಂದಿರಾನಗರದ ಚಿನೀಟಾ ಇಂಥ ಹೆಸರುಗಳನ್ನು ಗೆಳೆಯರು ಸೂಚಿಸುತ್ತ ಬಂದಿದ್ದಾರೆ. ಪಟ್ಟಿಯಷ್ಟೇ ಬೇಕಿದ್ದವರು ಇಲ್ಲಿಗೇ ಓದು ನಿಲ್ಲಿಸಿ ಊಟಕ್ಕೆ ಹೊರಡಬಹುದು. ನನಗೆ ಬರೆಯಬೇಕೆನಿಸಿದ್ದು ಈ ಅಂಗಡಿಗಳ ಮೆನು ಎಂಬ ಪಠ್ಯದ ಬಗ್ಗೆ. ಅದನ್ನು ಓದುವಾಗಲೆಲ್ಲ ನನಗೆ ದಾವಣಗೆರೆ ಜಿಲ್ಲೆಯ ಹೊಲಗಳು ನೆನಪಾಗುತ್ತವೆ. ಕಾರಣ ತೀರಾ ಸರಳ: ಮೆಕ್ಸಿಕೊದ ಊಟದ ಜೀವಾಳವಾದ ಕಾಳನ್ನು ಬೆಳೆಯುವವರು ನಾವು. ಅದನ್ನು ಉಣ್ಣದವರೂ ನಾವೇ.

ಮೊದಲು ಮೆನು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಅನುವಾದದ ಅನುವಾದ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ರಷ್ಯನ್ ಕಾದಂಬರಿಯನ್ನು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ತಂದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಅದರಿಂದ ನಮಗೆ ಲಾಭವೇ ಆಗಿದೆ. ಬೆಂಗಳೂರಿನ ಮೆಕ್ಸಿಕನ್ ಮೆನು ಆ ಜಾತಿಯದು. ಗ್ಲೆನ್ ಬೆಲ್ ಎಂಬಾತ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದ. ಹತ್ತಿರದಲ್ಲೇ ಮಿಟ್ಲಾ ಕೆಫೆ ಎಂಬ ಮೆಕ್ಸಿಕನ್ನರ ಹೋಟೆಲು ಇತ್ತು. ಅಲ್ಲಿ ಜನ ಸಾಲುಗಟ್ಟಿ ತಿನ್ನುತ್ತಿದ್ದ ಕರಿದ ಟಾಕೊವನ್ನು ನೋಡಿ ಕಲಿತು, ಅದನ್ನು ಮೊದಲೇ ಕರಿದು ಅಚ್ಚಿನಂತೆ ಜೋಡಿಸಿಡುವ ಉಪಾಯ ಹುಡುಕಿ, 1962ರಲ್ಲಿ ಟಾಕೊ ಬೆಲ್ ಆರಂಭಿಸಿದ. ನಾಚೋಸ್‌ನದು ಇನ್ನೂ ಚೆಂದದ ಕತೆ. 1940ರ ದಶಕದ ಆರಂಭದಲ್ಲಿ, ಅಮೆರಿಕದ ಗಡಿಗೆ ಅಂಟಿಕೊಂಡ ಪಿಯೆದ್ರಾಸ್ ನೆಗ್ರಾಸ್ ಊರಿನ ಹೋಟೆಲಿಗೆ ಗಡಿಯಾಚೆಯ ಹೆಂಗಸರು ಹೊತ್ತಲ್ಲದ ಹೊತ್ತಿನಲ್ಲಿ ಬಂದರಂತೆ. ಅಡುಗೆಯವನು ಇರಲಿಲ್ಲ. ಇಗ್ನಾಸಿಯೊ ಅನಾಯಾ ಕೈಗೆ ಸಿಕ್ಕ ಕರಿದ ತುಂಡುಗಳ ಮೇಲೆ ಚೀಸು, ಹಲಪೀನ್ಯೊ ಮೆಣಸಿನಕಾಯಿ ಹಾಕಿ ಕೊಟ್ಟ. ಇಗ್ನಾಸಿಯೊ ಎಂಬವರನ್ನು ಮನೆಯಲ್ಲಿ ನಾಚೊ ಎಂದು ಕರೆಯುವುದು ಅಲ್ಲಿನ ರೂಢಿ. ತಿಂಡಿಗೂ ಅದೇ ಹೆಸರಾಯಿತು.

ಹೀಗೆ ಗಡಿಯಲ್ಲಿ ಹುಟ್ಟಿದ್ದು, ಗಡಿ ದಾಟಿ ಬೆಳೆದದ್ದು, ಕಂಪನಿಗಳ ಕೈಯಲ್ಲಿ ಸಪಾಟಾದದ್ದು ನಮ್ಮ ಮಾಲುಗಳಿಗೆ ಬಂದು ಪನೀರು ಹೊದ್ದುಕೊಂಡಿದೆ. ಇದರಲ್ಲಿ ನನಗೆ ಮುನಿಸಿಲ್ಲ. ಗೋಬಿ ಮಂಚೂರಿ ತಿಂದು ಬೆಳೆದವರು ಶುದ್ಧಿಯ ಮಾತಾಡಬಾರದು. ಮೆಕ್ಸಿಕೊ ನಗರದ ಹೆಮ್ಮೆಯ ಟಾಕೊ ಅಲ್ ಪಾಸ್ತೋರ್ ಕೂಡ ಲೆಬನಾನಿನಿಂದ ವಲಸೆ ಬಂದವರ ಶವರ್ಮಾದ ಮಗಳು. ಅಂದಮೇಲೆ ಅಸಲಿ ಯಾವುದು, ನಕಲಿ ಯಾವುದು ಎಂಬ ಜಗಳ ಬೇಡ. ಆದರೂ ಒಂದು ಸಂಗತಿ ಗಮನಿಸಬೇಕು. ಟಾಕೊ ಬೆಲ್ 1992ರಲ್ಲಿ ಒಮ್ಮೆ, 2007ರಲ್ಲಿ ಇನ್ನೊಮ್ಮೆ ಮೆಕ್ಸಿಕೊಗೆ ಹೋಗಿ ಅಂಗಡಿ ಇಟ್ಟಿತು. ಎರಡು ಸಲವೂ ಬಾಗಿಲು ಹಾಕಿಕೊಂಡು ವಾಪಸು ಬಂತು. ಮೂಲ ಬಲ್ಲ ಓದುಗರಿಗೆ ಅನುವಾದ ರುಚಿಸಲಿಲ್ಲ ಎನ್ನೋಣ.

ನನ್ನ ತಕರಾರು ಬೇರೆ. ಅನುವಾದಕ ವಾಕ್ಯ ಬದಲಿಸಲಿ, ಅಧ್ಯಾಯ ಮೊಟಕು ಮಾಡಲಿ. ಕತೆಯ ನಾಯಕನನ್ನೇ ಕೈಬಿಟ್ಟರೆ ಹೇಗೆ? ಬೆಂಗಳೂರಿನಲ್ಲಿ ನಾನು ತಿಂದ ಬರ್ರಿಟೊಗಳೆಲ್ಲ ಗೋಧಿಯವು, ಕೆಲವು ಶುದ್ಧ ಮೈದಾದವು. ಬರ್ರಿಟೊ ಗೋಧಿಯದೇ ಆಗಿರಬೇಕು, ಅದು ಉತ್ತರ ಮೆಕ್ಸಿಕೊದ ಪದ್ಧತಿ, ಸರಿ. ಟಾಕೊಗೂ ಅದೇ ಮೈದಾ, ಕೆಸಡಿಯಾಗೂ ಅದೇ ಮೈದಾ. ಮೆಕ್ಕೆಜೋಳ ಕಾಣುವುದು ಎರಡೇ ಕಡೆ: ಕರಿದ ಚಿಪ್ಸಿನಲ್ಲಿ, ಇಲ್ಲವೇ ಸ್ವೀಟ್ ಕಾರ್ನ್ ಎಂಬ ಎಳೆಯ ಸಿಹಿ ಕಾಳಿನಲ್ಲಿ. ಬಲಿತ ಒಣ ಕಾಳನ್ನು ನೆನೆಸಿ, ರುಬ್ಬಿ, ತಟ್ಟಿ, ಹಂಚಿನ ಮೇಲೆ ಬೇಯಿಸಿದ ತೊರ್ತೀಯಾ ಸಿಗುವ ಕಡೆಗಳನ್ನು ಹುಡುಕಿಕೊಂಡು ಹೋಗಬೇಕು. ಅಂಥ ಒಂದು ಕಡೆ (ಹೆಸರು ಬೇಡ) ಬಡಿಸುವ ಹುಡುಗನನ್ನು ಈ ಹಿಟ್ಟು ಯಾವ ಊರಿನದಪ್ಪಾ ಎಂದು ಕೇಳಿದೆ. ಅವನು ಒಳಗೆ ಹೋಗಿ ಪೊಟ್ಟಣವನ್ನೇ ತಂದು ತೋರಿಸಿದ. ಹಡಗಿನಲ್ಲಿ ಬಂದದ್ದು. ನನ್ನ ತಟ್ಟೆಯಲ್ಲಿದ್ದ ಮೂರು ಟಾಕೊಗೆ 450 ರೂಪಾಯಿ. ಮೂರು ಸಣ್ಣ ತೊರ್ತೀಯಾಗಳಿಗೆ ಹಿಡಿಯುವ ಕಾಳು ಹೆಚ್ಚೆಂದರೆ 50 ಗ್ರಾಂ. ನಮ್ಮ ಕಡೆಯ ಕಾಳಾಗಿದ್ದರೆ, ಸರ್ಕಾರದ ಬೆಂಬಲ ಬೆಲೆಯ ಲೆಕ್ಕದಲ್ಲಿ, ಒಂದು ರೂಪಾಯಿ ಇಪ್ಪತ್ತು ಪೈಸೆ. ಇಂದಿರಾನಗರದ ಬಾಡಿಗೆ, ಅಡುಗೆಯವರ ಸಂಬಳ ನನಗೂ ಗೊತ್ತು. ಆದರೂ ಆ ಒಂದು ರೂಪಾಯಿ ಇಪ್ಪತ್ತು ಪೈಸೆ ಕೂಡ ನಮ್ಮ ಕಡೆಗೆ ಬರಲಿಲ್ಲವಲ್ಲ ಎನಿಸಿತು.

ನಮ್ಮದು ಜಗಳೂರು ತಾಲ್ಲೂಕು. ಕೊಂಡುಕುರಿಗಳ ರಂಗಯ್ಯನದುರ್ಗ ಬಿಟ್ಟರೆ ಹೊರಗಿನವರಿಗೆ ನಮ್ಮ ತಾಲ್ಲೂಕು ಬರಗಾಲದ ಸುದ್ದಿಯಲ್ಲಿ ಮಾತ್ರ ಗೊತ್ತು. ದಾವಣಗೆರೆ ಜಿಲ್ಲೆ 1997ರಲ್ಲಿ ಆದಾಗ ನಾವು ಚಿತ್ರದುರ್ಗದಿಂದ ಬಂದೆವು, ಚನ್ನಗಿರಿ-ಹೊನ್ನಾಳಿಯವರು ಶಿವಮೊಗ್ಗದಿಂದ ಬಂದರು. ನ್ಯಾಮತಿ ಆಗಿನ್ನೂ ಹೊನ್ನಾಳಿಯ ಮಡಿಲಲ್ಲಿತ್ತು, ಬೇರೆ ತಾಲ್ಲೂಕಾದದ್ದು ಈಚೆಗೆ. ಒಂದೇ ಜಿಲ್ಲೆ ಎನ್ನುವುದು ಕಾಗದದ ಮಾತು. ಚನ್ನಗಿರಿಯಲ್ಲಿ ಸೂಳೆಕೆರೆ, ಭದ್ರಾ ನಾಲೆ, ಅಡಿಕೆ, ಅಡಿಕೆ ಬೆಳೆಗಾರರ ತುಮ್ಕೋಸ್. ಹೊನ್ನಾಳಿಯಲ್ಲಿ ತುಂಗಭದ್ರೆ, ಭತ್ತ. ನಮ್ಮಲ್ಲಿ ಆಕಾಶ. ಈ ನಾಲ್ಕು ತಾಲ್ಲೂಕುಗಳನ್ನು ಹೊಲಿದು ಒಂದು ಮಾಡಿದ ದಾರವೇನಾದರೂ ಇದ್ದರೆ ಅದು ಮೆಕ್ಕೆಜೋಳ. ನೀರಾವರಿ ಇಲ್ಲದ ಕಡೆಗಳಲ್ಲೆಲ್ಲ ಅದೇ. ನಾಲೆಯಿದ್ದ ಕಡೆ ಅಡಿಕೆ ನುಂಗದೆ ಬಿಟ್ಟ ಜಾಗದಲ್ಲೂ ಅದೇ. ಕಳೆದ ಮೂರು ನಾಲ್ಕು ದಶಕಗಳಲ್ಲಿ ಅದು ನಮ್ಮ ಜೋಳವನ್ನು, ನವಣೆ-ಸಾಮೆಯನ್ನು, ಹತ್ತಿಯನ್ನು ಒಂದೊಂದಾಗಿ ಬದಿಗೆ ಸರಿಸಿತು. ಪತ್ರಿಕೆಗಳು ದಾವಣಗೆರೆಯನ್ನು ಮೆಕ್ಕೆಜೋಳದ ಕಣಜ ಎಂದು ಕರೆಯುವುದು ಸುಮ್ಮನೆ ಅಲ್ಲ. ನವೆಂಬರಿನಲ್ಲಿ ಈ ಕಡೆ ಬಸ್ಸಿನಲ್ಲಿ ಬಂದವರಿಗೆ ಗೊತ್ತಿರುತ್ತದೆ: ಡಾಂಬರು ರಸ್ತೆಯ ಅರ್ಧ ಬಸ್ಸಿಗೆ, ಅರ್ಧ ಒಣಗಲು ಹರವಿದ ಹಳದಿ ಕಾಳಿಗೆ.

ಆ ಕಾಳು ರಸ್ತೆಯಿಂದ ಚೀಲಕ್ಕೆ, ಚೀಲದಿಂದ ದಲಾಲಿ ಮಂಡಿಗೆ, ಅಲ್ಲಿಂದ ಕೋಳಿ ಆಹಾರದ ಕಾರ್ಖಾನೆಗೆ, ಸ್ಟಾರ್ಚ್ ಕಾರ್ಖಾನೆಗೆ, ಈಗೀಗ ಎಥೆನಾಲಿಗೆ ಹೋಗುತ್ತದೆ. ಮನೆಯ ಅಡುಗೆ ಕೋಣೆಗೆ ಬರುವುದು ಬೆಂಕಿಯಲ್ಲಿ ಸುಡುವ ನಾಲ್ಕು ಹಸಿ ತೆನೆ ಮಾತ್ರ. ಹಾವೇರಿ-ಧಾರವಾಡದ ಕಡೆ ಅಲ್ಲಲ್ಲಿ ಗೋವಿನಜೋಳದ ನುಚ್ಚು, ರೊಟ್ಟಿ ಮಾಡುವವರು ಇದ್ದಾರೆ. ಆದರೆ ಹೆಸರೇ ನೋಡಿ, ಗೋವಿನ ಜೋಳ. ಮನುಷ್ಯರದಲ್ಲ ಎಂದು ನಾಮಕರಣದಲ್ಲೇ ತೀರ್ಪು ಆಗಿಬಿಟ್ಟಿದೆ. ಸೀಗೆ ಹುಣ್ಣಿಮೆಗೆ ನಮ್ಮ ಹೊಲಕ್ಕೂ ಪೂಜೆ ಮಾಡುತ್ತೇವೆ, ಚರಗ ಚೆಲ್ಲುತ್ತೇವೆ. ಆಳೆತ್ತರದ ಮೆಕ್ಕೆಜೋಳದ ನಡುವೆ ನಿಂತು ಚೆಲ್ಲುವ ಆ ಬುಟ್ಟಿಯಲ್ಲಿ ಅನ್ನ, ಕಡುಬು, ಸೊಪ್ಪು ಎಲ್ಲ ಇರುತ್ತವೆ. ನಿಂತಿರುವ ಬೆಳೆಯದು ಒಂದು ಕಾಳೂ ಇರುವುದಿಲ್ಲ.

ಇಲ್ಲಿ ಕನಕದಾಸರ ‘ರಾಮಧಾನ್ಯ ಚರಿತ್ರೆ’ಯನ್ನು ನೆನೆಯದೆ ಮುಂದೆ ಹೋಗಲಾಗದು. ಲಂಕೆಯಿಂದ ಮರಳುವ ರಾಮ ಆಶ್ರಮವೊಂದರಲ್ಲಿ ತಂಗಿದಾಗ ಧಾನ್ಯಗಳಲ್ಲಿ ಯಾರು ದೊಡ್ಡವರು ಎಂಬ ವಾದ ಏಳುತ್ತದೆ. ವ್ರೀಹಿಗೂ ನರೆದಲೆಗನಿಗೂ, ಅಂದರೆ ಭತ್ತಕ್ಕೂ ರಾಗಿಗೂ, ಮಾತಿಗೆ ಮಾತು ಬೆಳೆಯುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಕಂಗೆಡುತ್ತದೆ, ರಾಗಿ ಕೆಡದೆ ಉಳಿಯುತ್ತದೆ. ಈ ಕಾವ್ಯವನ್ನು ನಾವು ತರಗತಿಗಳಲ್ಲಿ ಜಾತಿ-ವರ್ಗಗಳ ರೂಪಕವಾಗಿ ಓದುತ್ತೇವೆ, ಹಾಗೆಯೇ ಓದಬೇಕು. ಆದರೆ ಅದನ್ನು ಅಕ್ಷರಶಃ ಧಾನ್ಯಗಳ ಕಾವ್ಯವಾಗಿ ಓದಿದರೂ ನಷ್ಟವಿಲ್ಲ. ಯಾವ ಕಾಳು ಸಭೆಯಲ್ಲಿ ಕೂರಬಹುದು, ಯಾವುದು ಮಾತಾಡಬಹುದು ಎಂಬುದರ ದಾಖಲೆ ಅದು. ಕನಕದಾಸರ ಕಾಲಕ್ಕೆ ಮೆಕ್ಕೆಜೋಳ ಆ ಸಭೆಗೆ ಬರುವ ಪ್ರಶ್ನೆಯೇ ಇರಲಿಲ್ಲ, ಸರಿ. ಅವರ ಊರು ಬಾಡ ಇರುವ ಹಾವೇರಿ ಜಿಲ್ಲೆಯೂ ಇಂದು ಮೆಕ್ಕೆಜೋಳದ ಸೀಮೆ. ಆ ಮೇಲೆ ಬಂದ ನಮ್ಮ ಕವಿಗಳು, ಕತೆಗಾರರು ಅದಕ್ಕೊಂದು ಮಣೆ ಹಾಕಿದರೇ? ರಾಗಿಗೆ ಹಾಡಿದೆ, ಜೋಳಕ್ಕೆ ಹಂತಿಯ ಪದಗಳಿವೆ, ಭತ್ತಕ್ಕೆ ನಾಟಿಯ ಪದಗಳಿವೆ. ಮೆಕ್ಕೆಜೋಳಕ್ಕೆ ಬೀಜದ ಕಂಪನಿಯವರು ಗೋಡೆಯ ಮೇಲೆ ಬರೆಸಿದ ಜಾಹೀರಾತಿಗಿಂತ ಹೆಚ್ಚಿನದು ನನ್ನ ಓದಿನಲ್ಲಿ ಸಿಕ್ಕಿಲ್ಲ.

ಹೊಸದು ಎಂಬ ಕಾರಣ ಸಾಲದು. ಮೆಣಸಿನಕಾಯಿಯೂ ಅದೇ ಮೆಕ್ಸಿಕೊ ಸೀಮೆಯದು. ಸುಮಾರು 1025ರ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ, 16ನೇ ಶತಮಾನದ ಆರಂಭದ ಮಂಗರಸನ ‘ಸೂಪಶಾಸ್ತ್ರ’ದಲ್ಲಿ ಅಡುಗೆಯ ವಿವರಗಳು ತುಂಬಿವೆ. ಖಾರಕ್ಕೆ ಅಲ್ಲಿರುವುದು ಕರಿಮೆಣಸು. ಪೋರ್ಚುಗೀಸರು ತಂದ ಹೊಸ ಕಾಯಿ ಮುಂದಿನ ಶತಮಾನಗಳಲ್ಲಿ ಹಳೆಯ ಮೆಣಸಿನ ಹೆಸರನ್ನೇ ಕಸಿದುಕೊಂಡು ಅದನ್ನು ಕರಿ ಎಂಬ ವಿಶೇಷಣಕ್ಕೆ ತಳ್ಳಿತು. ಈಗ ಬ್ಯಾಡಗಿಯಿಲ್ಲದೆ ಕನ್ನಡದ ಅಡುಗೆಯನ್ನು ಊಹಿಸಿ ನೋಡೋಣ! ಸಪೋಟ ಎಂಬ ಮಾತು ಸ್ಪ್ಯಾನಿಷಿನ ಮೂಲಕ ಬಂದ ನಾವಾಟಲ್ ಭಾಷೆಯ ಪದ. ಟೊಮೆಟೊ ಕೂಡ. ದೀಪಾವಳಿಗೆ ನಾವು ಬಾಗಿಲಿಗೆ ಕಟ್ಟುವ ಚೆಂಡುಹೂವು ಅಲ್ಲಿಯದು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಮೆಕ್ಸಿಕೊದವರು ಸತ್ತ ಹಿರಿಯರ ಹಬ್ಬಕ್ಕೆ ಅದೇ ಹೂವನ್ನು ಚೆಲ್ಲುತ್ತಾರೆ. ಬಂದವರನ್ನೆಲ್ಲ ಒಳಗೆ ಕರೆದ ನಾವು ಮೆಕ್ಕೆಜೋಳವನ್ನು ಮಾತ್ರ ಕೊಟ್ಟಿಗೆಯಲ್ಲಿ ಕಟ್ಟಿದೆವು.

ಕರ್ನಾಟಕದ ಮಟ್ಟಿಗೆ ಮೆಕ್ಕೆಜೋಳಕ್ಕೆ ಒಮ್ಮೆ ಮಾತ್ರ ದೊಡ್ಡ ಗೌರವ ಸಿಗುವುದರಲ್ಲಿತ್ತು. 1989ರಲ್ಲಿ ಕಾರ್ಲ್ ಯೊಹಾನೆಸೆನ್ ಮತ್ತು ಆ್ಯನ್ ಪಾರ್ಕರ್ ಎಂಬ ಅಮೆರಿಕದ ವಿದ್ವಾಂಸರು, ಹೊಯ್ಸಳರ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆಯೇ ಎಂದು ವಾದಿಸಿದರು. ಸೋಮನಾಥಪುರದ ಗುಡಿ 13ನೇ ಶತಮಾನದ್ದು. ಅಂದರೆ ಕೊಲಂಬಸ್ಸಿಗಿಂತ ಇನ್ನೂರು ವರ್ಷ ಮೊದಲೇ ಕಾಳು ಕಡಲು ದಾಟಿ ಬಂದಿತ್ತು ಎಂದಾಯಿತು. ಪಾಯಕ್ ಮತ್ತು ಸಚನ್ ಎಂಬ ನಮ್ಮ ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. ಅದು ಮುತ್ತುಗಳಿಂದಾದ ಕಲ್ಪನೆಯ ಹಣ್ಣು, ಮುಕ್ತಾಫಲ ಎಂದರು. ನನಗೆ ಅವರ ಮಾತೇ ಸರಿ ಎನಿಸುತ್ತದೆ. ಗುಡಿಯ ಕಲ್ಲಿನಲ್ಲಿ ಕಂಡ ಬೆಳೆಯೊಂದು ಅಷ್ಟು ಶತಮಾನ ಯಾವ ನಿಘಂಟು, ಶಾಸನ, ಅಡುಗೆ ಪುಸ್ತಕದಲ್ಲೂ ಸುಳಿಯದಿರುವುದು ನಂಬುವಂಥದ್ದಲ್ಲ. ಆದರೂ ಈ ವಿವಾದದ ವ್ಯಂಗ್ಯವನ್ನು ನೋಡಿ. ದೇವತೆಯ ಕೈಯಲ್ಲಿ ಇತ್ತೋ ಇಲ್ಲವೋ ಎಂದು ಪುಟಗಟ್ಟಲೆ ಚರ್ಚೆಯಾದ ಕಾಳು, ಅದನ್ನು ಬೆಳೆಯುವವರ ಬಾಯಿಗೆ ಯಾಕೆ ಹೋಗುತ್ತಿಲ್ಲ ಎಂದು ಅರ್ಧ ಪುಟವೂ ಇಲ್ಲ.

ಕಾಳಿನ ತವರಿನಲ್ಲಿ ಇದು ಹೀಗಿಲ್ಲ. ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆ ದಕ್ಷಿಣ ಮೆಕ್ಸಿಕೊದ ಬಾಲ್ಸಾಸ್ ನದಿಯ ಕಣಿವೆಯಲ್ಲಿ ತಿಯೊಸಿಂತೆ ಎಂಬ ಹುಲ್ಲನ್ನು ಜನ ಆರಿಸಿ ಆರಿಸಿ ಬಿತ್ತಿ ತೆನೆಯಾಗಿಸಿದರು. ನೆರೆಯ ಗ್ವಾಟೆಮಾಲದ ಮಾಯಾ ಜನರ ‘ಪೋಪೋಲ್ ವುಹ್’ನಲ್ಲಿ ದೇವತೆಗಳು ಮನುಷ್ಯನನ್ನು ಮೊದಲು ಮಣ್ಣಿನಿಂದ ಮಾಡುತ್ತಾರೆ, ಕರಗಿಹೋಗುತ್ತಾನೆ. ಮರದಿಂದ ಮಾಡುತ್ತಾರೆ, ಅವನಿಗೆ ಮನಸ್ಸಿರುವುದಿಲ್ಲ. ಕೊನೆಗೆ ಮೆಕ್ಕೆಜೋಳದ ಹಿಟ್ಟಿನಿಂದ ಮಾಡುತ್ತಾರೆ, ಆಗ ಮನುಷ್ಯ ಮನುಷ್ಯನಾಗುತ್ತಾನೆ. ಅದೇ ದೇಶದ ಆಸ್ತೂರಿಯಾಸ್ 1949ರಲ್ಲಿ ‘ಮೆಕ್ಕೆಜೋಳದ ಮನುಷ್ಯರು’ ಎಂಬ ಅರ್ಥದ ಹೆಸರಿನ ಕಾದಂಬರಿ ಬರೆದ. ಉಣ್ಣುವುದಕ್ಕೆ ಬೆಳೆಯುವವರಿಗೂ ಮಾರುವುದಕ್ಕೆ ಬೆಳೆಯುವವರಿಗೂ ನಡುವಿನ ಹೊಡೆದಾಟವೇ ಅದರ ಬೀಜ. ನಾನು ಅದನ್ನು ಇಂಗ್ಲಿಷಿನಲ್ಲಿ ಓದಿದಾಗ ಭಾಷೆಯ ಕಾಡಿನಲ್ಲಿ ಹಲವು ಸಲ ದಾರಿ ತಪ್ಪಿದರೂ, ಆ ಹೊಡೆದಾಟ ಮಾತ್ರ ಜಗಳೂರಿನವನಿಗೆ ಯಾರೂ ವಿವರಿಸಬೇಕಾಗಲಿಲ್ಲ. ಮೆಕ್ಸಿಕೊ 2025ರ ಮಾರ್ಚಿನಲ್ಲಿ ತನ್ನ ಸಂವಿಧಾನವನ್ನೇ ತಿದ್ದಿ ಕುಲಾಂತರಿ ಮೆಕ್ಕೆಜೋಳ ಬಿತ್ತುವುದನ್ನು ನಿಷೇಧಿಸಿತು. ಅವರಿಗೆ ಅದು ಬೆಳೆಯ ಪ್ರಶ್ನೆಯಲ್ಲ, ಹುಟ್ಟಿನ ಪ್ರಶ್ನೆ.

ಆರು ವರ್ಷ ದೆಹಲಿಯಲ್ಲಿ ಮೆಕ್ಸಿಕೊದ ರಾಯಭಾರಿಯಾಗಿದ್ದ ಕವಿ ಆಕ್ತಾವಿಯೊ ಪಾಝ್ ನಮ್ಮ ಕರಿಯನ್ನೂ ಅವರ ಮೋಲೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ. (ಕನ್ನಡದಲ್ಲಿ ಬರೆಯುವಾಗ ಈ ಪದದ ದೀರ್ಘವನ್ನು ಯಾರೂ ಮರೆಯಬಾರದು.) ಕವಿಯ ಕಣ್ಣಿಗೆ ಹೋಲಿಕೆ ಕಂಡದ್ದು ಸಹಜ. ನನಗೆ ಅದಕ್ಕಿಂತ ಹತ್ತಿರದ ಹೋಲಿಕೆಯೊಂದು ಚನ್ನಗಿರಿಯಲ್ಲಿ ಕಾಣುತ್ತದೆ, ಎಲೆ-ಅಡಿಕೆಯ ತಟ್ಟೆಯಲ್ಲಿ. ಸುಣ್ಣ.

ಮೆಕ್ಸಿಕೊದವರು ಮೆಕ್ಕೆಜೋಳವನ್ನು ಹಾಗೇ ಬೀಸಿ ಹಿಟ್ಟು ಮಾಡುವುದಿಲ್ಲ. ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಅದರಲ್ಲೇ ಬಿಟ್ಟು, ಬೆಳಿಗ್ಗೆ ತೊಳೆದು ರುಬ್ಬುತ್ತಾರೆ. ಈ ಕೆಲಸಕ್ಕೆ ಅವರ ಹಳೆಯ ಭಾಷೆಯಲ್ಲಿ ಬೂದಿ ಎಂಬ ಪದದಿಂದ ಹುಟ್ಟಿದ ಹೆಸರಿದೆ, ಇಂಗ್ಲಿಷಿನವರು ಅದನ್ನೇ ಎಳೆದು ನಿಕ್ಸ್ಟಮಲೈಸೇಷನ್ ಮಾಡಿಕೊಂಡರು. ಸುಣ್ಣ ಮೂರು ಕೆಲಸ ಮಾಡುತ್ತದೆ. ಕಾಳಿನ ಗಟ್ಟಿ ಸಿಪ್ಪೆ ಬಿಡಿಸುತ್ತದೆ. ರುಬ್ಬಿದ ಹಿಟ್ಟಿಗೆ ಅಂಟು ಕೊಡುತ್ತದೆ, ಆದ್ದರಿಂದ ತೊರ್ತೀಯಾ ಮಡಚಿದರೂ ಮುರಿಯುವುದಿಲ್ಲ. ಇವೆರಡಕ್ಕಿಂತ ದೊಡ್ಡದು ಮೂರನೆಯದು: ಕಾಳಿನಲ್ಲಿ ಬಂಧಿಯಾಗಿರುವ ನಯಾಸಿನ್ ಎಂಬ ಜೀವಸತ್ವವನ್ನು ಅದು ಬಿಡುಗಡೆ ಮಾಡುತ್ತದೆ. ಕೊಲಂಬಸ್ ನಂತರ ಯುರೋಪಿನವರು ಕಾಳನ್ನು ಒಯ್ದರು, ಸುಣ್ಣವನ್ನು ಅಲ್ಲೇ ಬಿಟ್ಟರು. ಉತ್ತರ ಇಟಲಿಯ ಬಡವರು ಬರೀ ಮೆಕ್ಕೆಜೋಳದ ಗಂಜಿ ಉಂಡು ಪೆಲಾಗ್ರ ಎಂಬ ರೋಗಕ್ಕೆ ಬಲಿಯಾದರು. ಚರ್ಮ ಸುಲಿದು, ಹೊಟ್ಟೆ ಕೆಟ್ಟು, ಕೊನೆಗೆ ಬುದ್ಧಿ ಕದಡುವ ರೋಗ ಅದು. 20ನೇ ಶತಮಾನದ ಆರಂಭದಲ್ಲಿ ದಕ್ಷಿಣ ಅಮೆರಿಕ ಸಂಯುಕ್ತ ಸಂಸ್ಥಾನಗಳ ಬಡವರಿಗೂ ಅದೇ ಆಯಿತು. ಸೋಂಕಲ್ಲ, ಊಟದ ಕೊರತೆ ಎಂದು ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯ ತೋರಿಸಿಕೊಟ್ಟರೂ ಜನ ಬಹಳ ಕಾಲ ನಂಬಲಿಲ್ಲ. ನಯಾಸಿನ್ ಕೊರತೆಯೇ ಕಾರಣ ಎಂದು ಖಚಿತವಾದದ್ದು 1937ರ ಹೊತ್ತಿಗೆ. ಮೆಕ್ಸಿಕೊದ ಅಜ್ಜಿಯರು ಸಾವಿರಾರು ವರ್ಷಗಳಿಂದ ಕೈಯಲ್ಲಿಟ್ಟುಕೊಂಡಿದ್ದ ಜ್ಞಾನವನ್ನು ಪದ್ಧತಿ ಎಂದು ಬದಿಗಿಟ್ಟವರು ತೆತ್ತ ಬೆಲೆ ಅದು. ಪಠ್ಯವನ್ನು ಒಯ್ದು ಅದರ ವ್ಯಾಖ್ಯಾನವನ್ನು ಬಿಟ್ಟು ಬಂದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದಾರುಣ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ನಮ್ಮ ಕಡೆ ನೋಡಿ. ಚನ್ನಗಿರಿಯ ಮನೆಮನೆಯಲ್ಲಿ ಎಲೆ-ಅಡಿಕೆಯ ಜೊತೆಗೆ ಸುಣ್ಣದ ಡಬ್ಬಿ. ಅಲ್ಲಿಂದ ಸ್ವಲ್ಪ ದೂರದಲ್ಲಿ ರಾಶಿ ರಾಶಿ ಮೆಕ್ಕೆಜೋಳ. ರುಬ್ಬುವ ಕಲ್ಲಿದೆ, ಹಂಚಿದೆ, ರೊಟ್ಟಿ ತಟ್ಟುವ ಕೈಗಳಿವೆ. ಇವೆಲ್ಲ ಒಂದೇ ಮನೆಯಲ್ಲಿದ್ದು ಒಂದಕ್ಕೊಂದು ಪರಿಚಯವೇ ಆಗಿಲ್ಲ.

ಕಳೆದ ಚಳಿಗಾಲ ಊರಿಗೆ ಹೋದಾಗ ಮಾಡಿ ನೋಡೋಣವೆಂದು ಅವ್ವನಿಗೆ ಹೇಳಿದೆ. “ಕೋಳಿ ತಿನ್ನೋದನ್ನ ನಮಗೆ ಉಣ್ಣು ಅಂತೀಯೇನೋ?” ಎಂದಳು. ಅವಳ ಮಾತಿನಲ್ಲಿ ತಮಾಷೆಯಷ್ಟೇ ಇರಲಿಲ್ಲ. ಅವಳ ತಲೆಮಾರಿನವರಿಗೆ ಶಾಲೆಯಲ್ಲಿ ಅಮೆರಿಕದ ಕೇರ್ ಸಂಸ್ಥೆಯ ನೆರವಿನ ಹಿಟ್ಟಿನಿಂದ ಮಾಡಿ ಕೊಡುತ್ತಿದ್ದ ಹಳದಿ ಉಪ್ಪಿಟ್ಟಿನ ನೆನಪಿದೆ. ಕೆಲವರು ಅದನ್ನು ಆಸೆಯಿಂದ ನೆನೆಯುತ್ತಾರೆ, ಅವ್ವ ಸರದಿಯಲ್ಲಿ ತಟ್ಟೆ ಹಿಡಿದು ನಿಂತದ್ದನ್ನು ನೆನೆಯುತ್ತಾಳೆ. ಒಂದು ಕೆಜಿ ಕಾಳು, ಮೂರು ಲೀಟರು ನೀರು, ಹತ್ತು ಗ್ರಾಂ ಸುಣ್ಣ. ಒಲೆಯ ಮೇಲೆ ಒಂದು ಗಂಟೆ ಕುದಿಸಿದೆವು. ನೀರು ಹಳದಿಯಾಗಿ, ಮಳೆ ಬಿದ್ದ ಮಣ್ಣಿನ ಗೋಡೆಯಂಥ ವಾಸನೆ ಬಂತು. ಬೆಳಿಗ್ಗೆ ಕೈಯಲ್ಲಿ ಉಜ್ಜಿದರೆ ಸಿಪ್ಪೆ ಲೋಳೆಯಾಗಿ ಬಿಟ್ಟಿತು. ಅವ್ವ ನಾಲ್ಕು ನೀರಿನಲ್ಲಿ ತೊಳೆದು ಒರಳಿಗೆ ಹಾಕಿದಳು. ಹಿಟ್ಟು ಮುಟ್ಟಿ ನೋಡಿದವಳು ಆಮೇಲೆ ನನ್ನನ್ನು ಹತ್ತಿರ ಬಿಡಲಿಲ್ಲ. ಜೋಳದ ಹಿಟ್ಟಿಗೆ ಎಸರು ಹೊಯ್ದು ನಾದಿದರೂ ಅಂಚು ಬಿರಿಯುತ್ತದಲ್ಲ, ಇದು ಬಿರಿಯಲಿಲ್ಲ. ಹಂಚಿನ ಮೇಲೆ ಉಬ್ಬಿತು. ಬಿಸಿಯಾಗಿ, ಹಸಿಮೆಣಸಿನಕಾಯಿ-ಹುರಿದ ಟೊಮೆಟೊ ಚಟ್ನಿ, ಬೇಯಿಸಿ ಒಗ್ಗರಣೆ ಹಾಕಿದ ಅಲಸಂದೆ ಕಾಳು ಇಟ್ಟು ಸುತ್ತಿಕೊಂಡು ತಿಂದೆವು. “ರೊಟ್ಟಿ ಅಲ್ಲ, ಆದ್ರ ರೊಟ್ಟಿ ಕುಲದ್ದೇ” ಎಂದಳು ಅವ್ವ. ನಾನು ಓದಿದ ಆಹಾರ ವಿಮರ್ಶೆಗಳಲ್ಲಿ ಇಷ್ಟು ಖಚಿತವಾದ ವಾಕ್ಯ ಕಡಿಮೆ. ಎರಡನೆಯ ದಿನ ಮಾಡೋಣ ಎಂದದ್ದಕ್ಕೆ ಮಾತ್ರ ಒಪ್ಪಲಿಲ್ಲ. ದಿನಾ ಕಾಳು ಕುದಿಸಲು ಸೌದೆ ಯಾರು ತರಬೇಕು?

ಈ ಪ್ರಶ್ನೆಗೆ ನಮ್ಮ ಆಹಾರ ಬರಹಗಳಲ್ಲಿ ಉತ್ತರವಿಲ್ಲ. ಈಚಿನ ವರ್ಷಗಳಲ್ಲಿ ಕನ್ನಡದಲ್ಲಿ ಊಟದ ಬಗ್ಗೆ ಬರೆಯುವವರು ಹೆಚ್ಚಾಗಿದ್ದಾರೆ, ಸಂತೋಷ. ಆದರೆ ಬಹುಪಾಲು ಬರಹಗಳಿಗೆ ಎರಡೇ ರಾಗ. ಒಂದು, ಅಜ್ಜಿಯ ಕೈರುಚಿ. ಇನ್ನೊಂದು, ಸಿರಿಧಾನ್ಯದ ಮಹಿಮೆ. ದಾವಣಗೆರೆ ಎಂದರೆ ಬೆಣ್ಣೆದೋಸೆ, ಮಿರ್ಚಿ-ಮಂಡಕ್ಕಿ, ಮುಗಿಯಿತು. ಜಗಳೂರಿನ ಬಗ್ಗೆ ಬರೆದರೆ ನವಣೆ, ಸಾಮೆಗಳ ಕಳೆದುಹೋದ ಲೋಕದ ವಿಷಾದ. ಆ ವಿಷಾದ ಸುಳ್ಳಲ್ಲ. ಆದರೆ ಕಳೆದದ್ದರ ಜಾಗದಲ್ಲಿ ಬಂದು ನಿಂತದ್ದು ಏನು, ಅದರ ರುಚಿ ಏನು, ಅದು ಯಾರ ಹೊಟ್ಟೆಗೆ ಹೋಗುತ್ತಿದೆ ಎಂದು ಕೇಳದ ವಿಷಾದ ಅರೆಬೆಂದದ್ದು. ಬೆಂಗಳೂರಿನ ಇಂಗ್ಲಿಷ್ ವಿಮರ್ಶಕರದು ಇನ್ನೊಂದು ಬಗೆಯ ಮೌನ. ತೊರ್ತೀಯಾ ಮೃದುವಾಗಿತ್ತು, ಗ್ವಾಕಮೋಲೆಗೆ ಹುಳಿ ಕಡಿಮೆಯಾಯಿತು ಎಂದು ಬರೆಯುವವರಿಗೆ, ತಾವು ಕೂತ ಮೇಜಿನಿಂದ 300 ಕಿಲೋಮೀಟರು ಒಳಗೇ ಆ ಕಾಳಿನ ಸಮುದ್ರವಿದೆ ಎಂಬುದು ರುಚಿಗೆ ಸಂಬಂಧಿಸಿದ ಸಂಗತಿಯಾಗಿ ಕಾಣುವುದಿಲ್ಲ.

ತಿನ್ನುವವರಿಗೆ ಪರಿಚಯವಾಗದಿದ್ದರೂ ಮೆಕ್ಕೆಜೋಳವನ್ನು ಅದರ ಹಳೆಯ ಶತ್ರು ಮಾತ್ರ ಹುಡುಕಿಕೊಂಡು ಬಂತು. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಏಷ್ಯಾದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಹೊಲಗಳಲ್ಲಿ, ಅಂದರೆ ನ್ಯಾಮತಿ-ಹೊನ್ನಾಳಿಯ ಬೇಲಿಯಾಚೆ. ಆ ಮುಂಗಾರಿನಲ್ಲಿ ಸುಳಿಯೊಳಗೆ ಕೂತು ತಿನ್ನುವ ಹುಳುವಿಗೆ ರೈತರು ಮರಳು, ಬೂದಿ, ಔಷಧಿ ಎಲ್ಲ ಹಾಕಿದರು. ಬೆಲೆಯ ಕತೆ ಹುಳುವಿಗಿಂತ ಹಳೆಯದು. 2025-26ರ ಮುಂಗಾರಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಸುಗ್ಗಿಯ ಹೊತ್ತಿಗೆ ಮಂಡಿಯಲ್ಲಿ ಅದಕ್ಕಿಂತ ಬಹಳ ಕೆಳಗೆ ಕೂಗಿದರು, ರೈತರು ರಸ್ತೆಗೆ ಇಳಿದರು. ಕೋಳಿ, ಸ್ಟಾರ್ಚು, ಎಥೆನಾಲು ಬಿಟ್ಟರೆ ಬೇರೆ ಗಿರಾಕಿಯಿಲ್ಲದ ಕಾಳಿಗೆ ಬೇಡ ಎನ್ನುವ ಶಕ್ತಿ ಇರುವುದಿಲ್ಲ. ಭತ್ತ, ರಾಗಿಯ ಬೆಲೆ ಬಿದ್ದರೆ ಮನೆಯಲ್ಲಿಟ್ಟು ಉಣ್ಣಬಹುದು. ಮೆಕ್ಕೆಜೋಳವನ್ನು ಇಟ್ಟುಕೊಂಡವರಿಗೆ ಹುಳು ಹಿಡಿಯುವ ಚೀಲವಷ್ಟೇ ಉಳಿಯುತ್ತದೆ. ರಾಮನ ಆರು ತಿಂಗಳ ಸೆರೆಮನೆ ಅದಕ್ಕೂ ಆಗುತ್ತಿದೆ, ಬಿಡಿಸಿ ಹೆಸರಿಡುವವರು ಬಂದಿಲ್ಲ.

ಟಾಕೊ ತಿನ್ನುವುದರಿಂದ ಈ ಬೆಲೆ ಏರುತ್ತದೆ ಎಂಬ ಭ್ರಮೆ ನನಗಿಲ್ಲ. ಬೆಂಗಳೂರಿನ ಅಷ್ಟೂ ಮೆಕ್ಸಿಕನ್ ಹೋಟೆಲುಗಳು ಜಗಳೂರಿನ ಒಂದು ಹಳ್ಳಿಯ ಬೆಳೆಯನ್ನೂ ಖಾಲಿ ಮಾಡಲಾರವು. ನಮ್ಮ ಹಳದಿ ಹೈಬ್ರಿಡ್ ಕಾಳು ಸುಣ್ಣದಲ್ಲಿ ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ, ಬಿಳಿ ಕಾಳಿನ ನಯ ಅದಕ್ಕಿಲ್ಲ, ಅದೂ ನಿಜ. ಆದರೂ ಎಲ್ಲಿ ತಿನ್ನಬೇಕು ಎಂದು ಕೇಳಿದವರಿಗೆ ನನ್ನ ಉತ್ತರ ಇಷ್ಟು. ಒಳಗೆ ಕೂತ ತಕ್ಷಣ ಟಾಕೊ ಗೋಧಿಯದೋ ಮೆಕ್ಕೆಜೋಳದ್ದೋ ಕೇಳಿ. ಮೆಕ್ಕೆಜೋಳದ್ದು ಎಂದರೆ, ಹಿಟ್ಟು ಪೊಟ್ಟಣದ್ದೋ ಇಲ್ಲೇ ನೆನೆಸಿ ರುಬ್ಬಿದ್ದೋ ಕೇಳಿ. ಇಲ್ಲೇ ರುಬ್ಬುತ್ತೇವೆ ಎಂದರೆ ಚೀಸು ಹೇರಿದ ತಟ್ಟೆಗಳನ್ನು ಬಿಟ್ಟು ಬರೀ ತೊರ್ತೀಯಾ, ಬೇಯಿಸಿದ ಹುರುಳಿಕಾಯಿ ಕಾಳು, ಎರಡು ಬಗೆಯ ಸಾಲ್ಸಾ ತರಿಸಿ. ಮೊದಲ ತೊರ್ತೀಯಾವನ್ನು ಏನೂ ಹಚ್ಚದೆ ತಿನ್ನಿ. ಸುಣ್ಣದ ಆ ಸಣ್ಣ ಘಾಟು ಮೂಗಿಗೆ ಬಂದರೆ ಅದೇ ಒಳ್ಳೆಯ ಅಂಗಡಿ, ಯಾವ ಬಡಾವಣೆಯಲ್ಲಿದ್ದರೂ ಸರಿ. ಕಾಳು ಯಾವ ಊರಿನದು ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ. ಹಾಸ್ಟೆಲಿನಲ್ಲಿ ಒಲೆ ಇರುವವರು, ಊರಿನಿಂದ ಒಂದು ಕೆಜಿ ಒಣ ಕಾಳು ತರಿಸಿಕೊಂಡು ನೀವೇ ಮಾಡಿ ನೋಡಬಹುದು. ಔಷಧಿ ಹಚ್ಚಿದ ಬಿತ್ತನೆ ಬೀಜ ಬೇಡ, ಉಣ್ಣುವ ಕಾಳು. ಸುಣ್ಣವೂ ಎಲೆ-ಅಡಿಕೆಗೆ ಹಾಕುವುದೇ ಆಗಿರಲಿ, ಗೋಡೆಗೆ ಬಳಿಯುವುದಲ್ಲ.